ದಂಡ ಕಟ್ಟುವುದು ಎಲ್ಲಿ?

ಆದಾಯ ಪ್ರಮಾಣಪತ್ರಕ್ಕೆಂದು ಶಿರಸಿಯ ತಹಶೀಲ್ದಾರ್ ಕಚೇರಿಗೆ ಹೋಗಿದ್ದಾಗ, ಪಕ್ಕದಲ್ಲಿ ನಿಂತಿದ್ದ ಹಳ್ಳಿಯ ಅಜ್ಜರೊಬ್ಬರು ನಾಲ್ಕು ಮಡಿಕೆಯ ಸಮನ್ಸ್ ಬಿಚ್ಚಿ ತೋರಿಸಿ, "ತಮಾ, ದಂಡ ಕಟ್ಟೂದು ಇಲ್ಲೇ ಅಲ್ದಾ?" ಎಂದು ಕೇಳಿದರು. ಮೊಮ್ಮಗ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದ್ದಕ್ಕೆ ಬಂದ ಕಾಗದ ಅದು. ಅಜ್ಜರದು ತಪ್ಪೆನ್ನಲಾಗದು, ತಹಶೀಲ್ದಾರರ ಪದನಾಮದ ಜೊತೆಗೆ 'ತಾಲ್ಲೂಕು ದಂಡಾಧಿಕಾರಿ' ಎಂದೂ ಬರೆಯುವುದು ರೂಢಿ.

ದಂಡಾಧಿಕಾರಿ ಎಂದರೆ ಇಂಗ್ಲಿಷಿನ ಮ್ಯಾಜಿಸ್ಟ್ರೇಟ್. ಆ ಇಂಗ್ಲಿಷ್ ಪದದ ಬೇರು ಲ್ಯಾಟಿನ್‌ನ 'ಮ್ಯಾಜಿಸ್ಟರ್', ಅಂದರೆ ಒಡೆಯ ಅಥವಾ ಗುರು. ಪ್ರಾಚೀನ ರೋಮಿನಲ್ಲಿ ಆಡಳಿತ ನಡೆಸುವ ಅಧಿಕಾರಿಯೂ ಮ್ಯಾಜಿಸ್ಟ್ರೇಟನೇ ಆಗಿದ್ದ. ನಮ್ಮ 'ದಂಡಾಧಿಕಾರಿ' ಮಾತ್ರ ಆ ಹುದ್ದೆಯ ಕೈಗೆ ಕೋಲು ಕೊಟ್ಟುಬಿಟ್ಟಿದೆ.

ವಾಸ್ತವದಲ್ಲಿ ಮ್ಯಾಜಿಸ್ಟ್ರೇಟರಲ್ಲಿ ಎರಡು ಬಗೆ: ಕಾರ್ಯನಿರ್ವಾಹಕ ಮತ್ತು ನ್ಯಾಯಿಕ. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆನ್ನುವ ಸಂವಿಧಾನದ 50ನೇ ವಿಧಿಗೆ ಅನುಗುಣವಾಗಿ, 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯು ಇವರಿಬ್ಬರ ಕೆಲಸವನ್ನು ಸ್ಪಷ್ಟವಾಗಿ ವಿಂಗಡಿಸಿತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಆ ಗೆರೆಯನ್ನು ಉಳಿಸಿಕೊಂಡಿದೆ. ಕಾರವಾರದಲ್ಲಿ ಕುಳಿತ ಜಿಲ್ಲಾಧಿಕಾರಿ, ಶಿರಸಿಯ ಉಪವಿಭಾಗಾಧಿಕಾರಿ, ತಹಶೀಲ್ದಾರ್ ಇವರೆಲ್ಲ ಕಾರ್ಯನಿರ್ವಾಹಕ ದಂಡಾಧಿಕಾರಿಗಳು. ಗಲಾಟೆಯ ಸೂಚನೆ ಸಿಕ್ಕರೆ ನಿಷೇಧಾಜ್ಞೆ ಹೊರಡಿಸುವುದು (ಹಳೆಯ 144ನೇ ಕಲಂ ಈಗ 163 ಆಗಿದ್ದರೂ ಜನರ ಬಾಯಲ್ಲಿ ಇನ್ನೂ 144), ಶಾಂತಿ ಕದಡುವವರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು ಇವರ ಕೆಲಸ. ಅಪರಾಧ ಪ್ರಕರಣದ ವಿಚಾರಣೆ ನಡೆಸಿ ಶಿಕ್ಷೆ ವಿಧಿಸುವುದು ಇವರದಲ್ಲ.

ಅದು ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಕೂರುವ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಕೆಲಸ. ಮೂರು ವರ್ಷದವರೆಗಿನ ಜೈಲು, 50,000 ರೂಪಾಯಿವರೆಗಿನ ದಂಡ ಅಥವಾ ಸಮುದಾಯ ಸೇವೆಯನ್ನು ಅವರು ವಿಧಿಸಬಹುದು. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ತೂಕ ಇರುವುದು ಇದರಲ್ಲಲ್ಲ. ಬಂಧಿಸಿದವನನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಅವರೆದುರು ಹಾಜರುಪಡಿಸಲೇಬೇಕು. ಭಾನುವಾರವಾದರೆ ಪೊಲೀಸರು ಅವರ ಮನೆ ಬಾಗಿಲಿಗೇ ಕರೆದೊಯ್ಯುತ್ತಾರೆ. ಲಾಕಪ್ಪಿನಲ್ಲಿ ಹೊಡೆದರೇ ಎಂದು ಬಂಧಿತನನ್ನು ಪೊಲೀಸರಲ್ಲದ ಒಬ್ಬ ಅಧಿಕಾರಿ ಕೇಳುವುದು ಆ ಗಳಿಗೆಯಲ್ಲಿ. ತಮಾಷೆಯೆಂದರೆ, ಊರಿನಲ್ಲಿ ಇವರನ್ನು ಯಾರೂ ದಂಡಾಧಿಕಾರಿ ಎನ್ನುವುದಿಲ್ಲ, 'ಜಡ್ಜ್ ಸಾಹೇಬ್ರು' ಎನ್ನುತ್ತಾರೆ.

ಅಜ್ಜರಿಗೆ ಕೋರ್ಟಿನ ದಾರಿ ತೋರಿಸಿದೆ. ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಮತ್ತೆ ಸಿಕ್ಕವರು ರಸೀದಿಯನ್ನು ಜೋಪಾನವಾಗಿ ಕವಳದ ಸಂಚಿಗೆ ಸೇರಿಸುತ್ತ, "ದಂಡ ಕಟ್ದೆ ತಮಾ, ಅರ್ಧ ದಿನವೂ ದಂಡ ಆತು" ಎಂದರು.