ಜಿಮ್ಯಾಟ್‌ಗೆ ಸ್ವಂತವಾಗಿ ಓದಿದಾಗ ನೆರವಾದ ತಪ್ಪುಗಳ ಪುಸ್ತಕ

ಎಂಬಿಎಯಂಥ ಕೋರ್ಸ್‌ಗಳ ಪ್ರವೇಶಕ್ಕಾಗಿ ಬರೆಯುವ ಜಿಮ್ಯಾಟ್ ಪರೀಕ್ಷೆಗೆ ತರಬೇತಿ ತರಗತಿಯ ನೆರವಿಲ್ಲದೆ ಸಿದ್ಧತೆ ನಡೆಸಲು ನಿರ್ಧರಿಸಿದಾಗ ನಾನು ಮೊದಲು ಮಾಡಿದ್ದು, ಪರೀಕ್ಷೆ ನಡೆಸುವ ಸಂಸ್ಥೆಯೇ ಉಚಿತವಾಗಿ ಕೊಡುವ ಮಾದರಿ ಪರೀಕ್ಷೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆದದ್ದು. ಈಗಿನ ಸ್ವರೂಪದಲ್ಲಿ ಗಣಿತದ 21, ಭಾಷೆಯ 23 ಮತ್ತು ದತ್ತಾಂಶ ವಿಶ್ಲೇಷಣೆಯ 20 ಪ್ರಶ್ನೆಗಳಿದ್ದು, ಪ್ರತಿ ವಿಭಾಗಕ್ಕೂ 45 ನಿಮಿಷ ಸಿಗುತ್ತದೆ. ವಾಕ್ಯ ತಿದ್ದುವ ಪ್ರಶ್ನೆಗಳು ಈಗ ಇಲ್ಲವಾದ್ದರಿಂದ ಹಳೆಯ ಪುಸ್ತಕಗಳನ್ನು ಎಚ್ಚರದಿಂದ ಬಳಸಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಯೋಜನವಾದದ್ದು ತಪ್ಪುಗಳ ಪುಸ್ತಕ. ಉತ್ತರ ತಪ್ಪೆಂದು ತಿಳಿದ ಕೂಡಲೇ ವಿವರಣೆ ಓದದೆ, ಸಮಯದ ಮಿತಿಯಿಲ್ಲದೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಬಿಡಿಸಿ, ಎಡವಿದ್ದು ಸೂತ್ರ ಗೊತ್ತಿಲ್ಲದ್ದರಿಂದಲೋ, ಅವಸರದ ಓದಿನಿಂದಲೋ, ಸಮಯ ಸಾಲದೆಯೋ ಎಂಬುದನ್ನು ಬರೆದಿಡುತ್ತಿದ್ದೆ. ಮೂರು ವಾರಗಳಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು: ಪ್ರಶ್ನೆಯಲ್ಲಿ ಎಲ್ಲಿಯೂ ಹೇಳದಿದ್ದರೂ ಸಂಖ್ಯೆಯನ್ನು ಧನ ಪೂರ್ಣಾಂಕವೆಂದು ನಾನೇ ಭಾವಿಸಿಕೊಳ್ಳುತ್ತಿದ್ದೆ. ಅಂದಿನಿಂದ ಪ್ರತಿ ಲೆಕ್ಕದಲ್ಲೂ ಸೊನ್ನೆ, ಭಿನ್ನರಾಶಿ ಮತ್ತು ಋಣ ಸಂಖ್ಯೆಯನ್ನು ಹಾಕಿ ನೋಡುವುದು ರೂಢಿಯಾಯಿತು. ಇಷ್ಟು ಸಣ್ಣ ಬದಲಾವಣೆ ನೂರಾರು ಹೊಸ ಲೆಕ್ಕಗಳಿಗಿಂತ ಹೆಚ್ಚು ಕಲಿಸಿತು ಎಂದು ಖಚಿತವಾಗಿ ಹೇಳಬಲ್ಲೆ.

ಗಣಿತ ವಿಭಾಗದಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ. ಆದ್ದರಿಂದ ಭಿನ್ನರಾಶಿ ಮತ್ತು ಶೇಕಡಾವಾರು ಲೆಕ್ಕವನ್ನು ದಿನವೂ ಕೈಯಲ್ಲೇ ಮಾಡಬೇಕು.

ಪ್ರತಿ ವಿಭಾಗದ ಕೊನೆಯಲ್ಲಿ ಸಮಯ ಉಳಿದಿದ್ದರೆ ಮೂರು ಉತ್ತರಗಳವರೆಗೆ ಬದಲಿಸಬಹುದು. ಹಾಗಾಗಿ ಒಂದೇ ಪ್ರಶ್ನೆಗೆ ಅಂಟಿಕೊಳ್ಳದೆ, ಎರಡೂವರೆ ನಿಮಿಷ ದಾಟಿದರೆ ಒಂದು ಉತ್ತರ ಗುರುತಿಸಿ ಮುಂದೆ ಹೋಗುವುದನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಕೊಂಡೆ.