‘ಮಿಸ್, ಫೋನ್ ಬಿಟ್ಟು ಬೇರೆ ಏನು ಕೊಡೋದು?’

ನಿನ್ನೆ ಮೀನು ಮಾರ್ಕೆಟ್‌ನಲ್ಲಿ ಬಂಗುಡೆ ತೂಗಿಸುತ್ತಿದ್ದೆ. ಪಕ್ಕದಿಂದ ಯಾರೋ ಕೈ ಮುಟ್ಟಿದರು. ತಿರುಗಿ ನೋಡಿದರೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ. “ಮಿಸ್, ಸರಿಯಾದ ಟೈಮಿಗೆ ಸಿಕ್ರಿ. ಚಿಕ್ಕವನಿಗೆ ಹದಿನಾಲ್ಕು ಆಯ್ತು. ಕ್ರಿಸ್ಮಸ್‌ಗೆ ಫೋನ್ ಬಿಟ್ಟು ಬೇರೆ ಏನು ಕೊಡೋದು, ಹೇಳಿ.”

ಡಿಸೆಂಬರ್ ಬಂತೆಂದರೆ ನನಗೆ ಈ ಪ್ರಶ್ನೆಯ ಕಾಟ ಶುರು. ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬರುವಾಗ, ಸ್ಟಾಫ್ ರೂಮಿನಲ್ಲಿ, ಕೊನೆಗೆ ನಮ್ಮ ಶಿವಮೊಗ್ಗದ ಬಿ.ಎಚ್. ರಸ್ತೆ ದಾಟುವಾಗಲೂ ಕೇಳಿದ್ದಾರೆ. ಹತ್ತೊಂಬತ್ತು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಅದಕ್ಕೇ ಉತ್ತರವನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತೇನೆ ಅಂತ ಎಲ್ಲರ ನಂಬಿಕೆ. ಕೇಳುವವರು ನಮ್ಮ ಚರ್ಚಿನವರು ಮಾತ್ರ ಅಲ್ಲ. ಶಾಲೆಯಲ್ಲಿ ಚೀಟಿ ಎತ್ತಿ ‘ಕ್ರಿಸ್ಮಸ್ ಫ್ರೆಂಡ್’ ಆಡುತ್ತಾರಲ್ಲ, ಆಗ ಎಲ್ಲರ ಮನೆಯಲ್ಲೂ ಇದೇ ತಲೆಬಿಸಿ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು. ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ.

ಈ ವಯಸ್ಸಿನವರಿಗೆ ಆಟಿಕೆ ಕೊಟ್ಟರೆ ಮುಖ ಗಂಟು. ಬಟ್ಟೆ ಕೊಟ್ಟರೆ ಸೈಜು, ಬಣ್ಣ ಯಾವುದೂ ಸರಿಯಿಲ್ಲ. ಪರೀಕ್ಷೆಯ ಗೈಡ್ ಕೊಡುವ ಅಪ್ಪಂದಿರೂ ಇದ್ದಾರೆ. ದಯವಿಟ್ಟು ಬೇಡ. ಬಣ್ಣದ ಕಾಗದ ಸುತ್ತಿದ ಮಾತ್ರಕ್ಕೆ ಹೋಮ್‌ವರ್ಕ್ ಉಡುಗೊರೆ ಆಗುವುದಿಲ್ಲ.

ಇಷ್ಟು ವರ್ಷ ಇವರ ಮಧ್ಯೆ ಇದ್ದು ನನಗೆ ಅನಿಸಿದ್ದು ಒಂದೇ. ಇವರಿಗೆ ಫೋನ್ ಬೇಕಾಗುವುದು ಬರೀ ರೀಲ್ಸ್‌ಗೋಸ್ಕರ, ಗೇಮ್‌ಗೋಸ್ಕರ ಅಲ್ಲ. ಅದು ದೊಡ್ಡವರ ವಸ್ತು. ಅಪ್ಪ ಒಂದು ನಿಮಿಷವೂ ಕೆಳಗಿಡದೆ ಹಿಡಿದುಕೊಂಡಿರುವ ವಸ್ತು. ತನ್ನ ಕೈಗೂ ಅದು ಬಂದರೆ ತಾನೂ ದೊಡ್ಡವರ ಲೆಕ್ಕಕ್ಕೆ ಬಂದೆ ಅಂತ. ಹಾಗಾದರೆ ದೊಡ್ಡವರದ್ದೇ ಇನ್ನೊಂದು ವಸ್ತು ಕೊಡಿ. ಅದು ಮಕ್ಕಳಿಗಂತ ಚಿಕ್ಕದು ಮಾಡಿದ್ದು, ಮೊಂಡು ಮಾಡಿದ್ದು ಆಗಿರಬಾರದು. ನಿಜವಾಗಿ ಕೆಲಸಕ್ಕೆ ಬರುವಂಥದ್ದಾಗಿರಬೇಕು.

ತೀರ್ಥಹಳ್ಳಿ ಕಡೆ ನನ್ನ ಅಕ್ಕನ ಮನೆ ಇದೆ. ಭಾವನದು ಅಡಿಕೆ ತೋಟ. ಅಕ್ಕನ ಮಗಳಿಗೆ ಹದಿಮೂರು ತುಂಬಿದ ವರ್ಷ ಕ್ರಿಸ್ಮಸ್‌ಗೆ ಒಂದು ಮಳೆಮಾಪಕ ಕೊಟ್ಟೆ. ದೊಡ್ಡ ಬೆಲೆಯದ್ದೇನಲ್ಲ, ಗೆರೆ ಹಾಕಿದ ಪ್ಲಾಸ್ಟಿಕ್ ಕೊಳವೆ. ಜೊತೆಗೆ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್. ಪ್ಯಾಕೆಟ್ ಬಿಚ್ಚಿದ ಅಕ್ಕ ನನ್ನ ಮುಖ ನೋಡಿದಳು. ಡಿಸೆಂಬರ್‌ನಲ್ಲಿ ಮಳೆಮಾಪಕ! ಹುಡುಗಿ ಮರ್ಯಾದೆಗೆ “ಥ್ಯಾಂಕ್ಸ್ ಮೌಶಿ” ಅಂದಳು, ಅಷ್ಟೇ.

ಮಲೆನಾಡಿನಲ್ಲಿ ಮಳೆ ಅಳೆಯುವುದು ಯಜಮಾನರ ಕೆಲಸ ಅನ್ನುವುದು ನನಗೆ ಗೊತ್ತಿತ್ತು. ತೋಟದವರು ಸಿಕ್ಕಾಗ “ನಿಮ್ಮಲ್ಲಿ ಎಷ್ಟು ಇಂಚು ಆಯ್ತು?” ಅಂತಲೇ ಮಾತು ಶುರು ಮಾಡುತ್ತಾರಲ್ಲ. ಆ ಲೆಕ್ಕ ಈಗ ಇವಳ ಕೈಗೆ ಬಂತು. ಭಾವ ಅಂಗಳದ ಮೂಲೆಯಲ್ಲಿ ಒಂದು ಗೂಟ ಹುಗಿದು ಕೊಟ್ಟರು. ಮೊದಲು ಮಾಡಿನ ಪಕ್ಕ ಹುಗಿದಿದ್ದರಂತೆ. ಹೆಂಚಿನಿಂದ ಚಿಮ್ಮುವ ನೀರೂ ಒಳಗೆ ಬಿದ್ದರೆ ಲೆಕ್ಕ ತಪ್ಪುತ್ತದೆ ಅಂತ ಇವಳೇ ಜಗಳ ಮಾಡಿ ಬಯಲಿಗೆ ಹಾಕಿಸಿದಳು. ಹವಾಮಾನ ಇಲಾಖೆಯವರು ಬೆಳಗ್ಗೆ 8.30ಕ್ಕೆ ಮಳೆಯ ಅಳತೆ ತೆಗೆಯುತ್ತಾರೆ ಅಂದಿದ್ದೆ. ಇವಳಿಗೆ ಆ ಹೊತ್ತಿಗೆ ಸ್ಕೂಲ್ ಬಸ್ಸು. ಹಾಗಾಗಿ ಅವಳ ಹವಾಮಾನ ಇಲಾಖೆ ಏಳು ಗಂಟೆಗೇ ತೆರೆಯುತ್ತದೆ. ಜನವರಿ, ಫೆಬ್ರವರಿ ಪೂರ್ತಿ ಸೊನ್ನೆ ಬರೆದಳು. ಸೊನ್ನೆಯೂ ಬರೆಯಲೇಬೇಕು, ಇಲ್ಲದಿದ್ದರೆ ನೋಡಲು ಮರೆತದ್ದೋ, ಮಳೆ ಬಾರದ್ದೋ ಗೊತ್ತಾಗುವುದಿಲ್ಲ ಅಂತ ಹೇಳಿದ್ದೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗಿ ಮಳೆ ಹೊಡೆಯಿತು. ಮರುದಿನ ಬೆಳಗ್ಗೆ ಏಳು ದಾಟಿ ಎರಡು ನಿಮಿಷಕ್ಕೆ ಫೋನು. “ಮೌಶಿ, ಹನ್ನೊಂದು ಮಿಲಿಮೀಟರ್!”

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಲೆಕ್ಕ ನಾನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ, ಒಬ್ಬರೂ ತಲೆ ಎತ್ತಿಲ್ಲ. ಇವಳು ಜುಲೈನಲ್ಲಿ ಟೇಪ್ ಹಿಡಿದು ಮನೆಯ ಮಾಡು ಅಳೆದಳು. ಸುಮಾರು 120 ಚದರ ಮೀಟರ್ ಬಂತು. ಅವತ್ತಿನ ಮಳೆ 90 ಮಿಲಿಮೀಟರ್. “ನಮ್ಮ ಮಾಡಿನ ಮೇಲೇ ಒಂದು ದಿನಕ್ಕೆ 10,800 ಲೀಟರ್ ಬಿದ್ದಿದೆ, ಮಾರ್ಚ್‌ನಲ್ಲಿ ಬಾವಿ ಒಣಗುತ್ತೆ ಅಂತೀರಲ್ಲ” ಅಂತ ಅಪ್ಪನಿಗೆ ಹೇಳಿದಳಂತೆ. ಭಾವನಿಗೆ ಅದಕ್ಕೆ ಉತ್ತರ ಇರಲಿಲ್ಲ. ಪಕ್ಕದ ತೋಟದವರು ಈಗ ಮಳೆ ಎಷ್ಟಾಯಿತು ಅಂತ ಭಾವನನ್ನು ಕೇಳುವುದಿಲ್ಲ, ಮಗಳನ್ನು ಕೇಳುತ್ತಾರೆ. ಅವಳ ಆಸೆ ಆಗುಂಬೆ ಮೇಲೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಬೀಳುವ ಊರು ಅದು. ಅಲ್ಲಿ ಒಂದು ಮಳೆಗಾಲ ಇರಬೇಕಂತೆ, ಮಾಪಕದ ಸಮೇತ.

ಅಂಗಡಿಯಲ್ಲಿ ಸಿಗದಿದ್ದರೆ ಮನೆಯಲ್ಲೇ ಮಾಡಿ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ, ತಳ ಸಪಾಟಾದ ಡಬ್ಬಿ ಇದ್ದರೆ ಸಾಕು. ನಿಂತ ನೀರಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆದರೆ ಅದೇ ಮಳೆ.

ಇನ್ನು ಬೈನಾಕ್ಯುಲರ್. ಅದೂ ಗ್ಯಾಜೆಟ್ ಅಲ್ವಾ ಅಂತ ಸಹೋದ್ಯೋಗಿಯೊಬ್ಬರು ಕೆಣಕಿದರು. ಚಾರ್ಜರ್ ಬೇಡದ್ದು ಗ್ಯಾಜೆಟ್ ಅಲ್ಲ, ಇದು ನಮ್ಮನೆ ಕಾನೂನು. ಕೊಳ್ಳುವಾಗ ಅದರ ಮೇಲೆ 8×42 ಅಂತ ಎರಡು ಅಂಕಿ ಇರುತ್ತದೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಮೊದಲ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳಿದರೆ ತಲೆಯಾಡಿಸಿ, ಕೊಳ್ಳಬೇಡಿ. ಹತ್ತು ದಾಟಿದರೆ ಕೈ ನಡುಗುವುದೂ ಅಷ್ಟೇ ಪಟ್ಟು ಕಾಣುತ್ತದೆ, ಹಕ್ಕಿ ಕೊಂಬೆಯ ಮೇಲೆ ಕುಣಿಯುತ್ತಿರುತ್ತದೆ. ಒಳ್ಳೆಯದಕ್ಕೆ ಕೆಲವು ಸಾವಿರ ಆಗುತ್ತದೆ, ನಿಜ. ಅಜ್ಜಿ, ಮಾವ, ಅತ್ತೆ ಎಲ್ಲ ಬೇರೆ ಬೇರೆ ಐನೂರು ರೂಪಾಯಿಯ ಸಾಮಾನು ತರುವ ಬದಲು ಸೇರಿ ಒಂದು ತನ್ನಿ.

ಅಗ್ಗದ ಟೆಲಿಸ್ಕೋಪ್ ಮಾತ್ರ ಬೇಡ. ಒಮ್ಮೆ ಆನ್‌ಲೈನಿನಲ್ಲಿ ತರಿಸಿ ಮೋಸ ಹೋಗಿದ್ದೇನೆ. ಡಬ್ಬದ ಮೇಲೆ ‘300 ಪಟ್ಟು’ ಅಂತ ದಪ್ಪಕ್ಷರ, ಗಾಜು ಬರೀ 50 ಮಿಲಿಮೀಟರ್. ಗಾಜಿನ ಮಿಲಿಮೀಟರ್‌ನ ಎರಡರಷ್ಟಕ್ಕಿಂತ ಜಾಸ್ತಿ ದೊಡ್ಡದು ಮಾಡಿದರೆ ಕಾಣುವುದು ಮಬ್ಬು ಮಾತ್ರ. ವಿಜ್ಞಾನದ ಟೀಚರ್ ಆಗಿ ಆ ಸಾಲನ್ನು ಓದಿಯೂ ಕೊಂಡೆ ಅನ್ನುವುದು ನನ್ನ ಸಂಕಟ. ಬೈನಾಕ್ಯುಲರನ್ನು ಕಂಪೌಂಡಿನ ಮೇಲೆ ಒತ್ತಿ ಹಿಡಿದರೆ ಗುರುಗ್ರಹದ ಪಕ್ಕ ಚುಕ್ಕಿಗಳು ಕಾಣುತ್ತವೆ. 1610ರಲ್ಲಿ ಗೆಲಿಲಿಯೋ ನೋಡಿದ ಚಂದ್ರಗಳೇ. ಹಗಲು ಹೊತ್ತಿಗೆ ಮಂಗಟ್ಟೆ, ಕಾಜಾಣ. ಮಳೆಗಾಲ ಬಂದ ಮೇಲೆ ಮಂಡಗದ್ದೆಗೆ ಕರೆದುಕೊಂಡು ಹೋಗಿ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರುತ್ತವೆ, ರಸ್ತೆ ಬದಿಯಿಂದಲೇ ಕಾಣುತ್ತವೆ.

ಸೈಕಲ್ ಇರುವ ಮಕ್ಕಳಿಗೆ ಪಂಕ್ಚರ್ ಸಾಮಾನು ಕೊಡಿ. ಟೈರ್ ಎತ್ತುವ ಪಟ್ಟಿ, ಸ್ಯಾಂಡ್ ಪೇಪರ್, ಸೊಲ್ಯೂಷನ್, ಪ್ಯಾಚು, ಪಂಪು, ಎರಡು ಪಾನ. ಎಲ್ಲ ಒಂದು ತಗಡಿನ ಡಬ್ಬಿಗೆ ಹಾಕಿ. ಒಂದು ವಿಷಯ ಹೇಳಿಕೊಡಿ: ಸೊಲ್ಯೂಷನ್ ಸವರಿದ ತಕ್ಷಣ ಪ್ಯಾಚ್ ಒತ್ತಬಾರದು. ಹಸಿ ಹೊಳಪು ಹೋಗಿ ಬೆರಳಿಗೆ ಅಂಟಂಟು ಅನಿಸುವವರೆಗೆ ನಾಲ್ಕೈದು ನಿಮಿಷ ಕಾಯಬೇಕು. ಹುಡುಗರಿಗೆ ಪಂಕ್ಚರ್ ಕಷ್ಟವಲ್ಲ, ಆ ಐದು ನಿಮಿಷ ಕಷ್ಟ. ಮೀನು ಮಾರ್ಕೆಟ್‌ನಲ್ಲಿ ಕೇಳಿದ ತಾಯಿಗೆ ಇದನ್ನೇ ಹೇಳಿದೆ. “ಮನೆ ತುಂಬ ಗ್ರೀಸ್ ಆಗುತ್ತಲ್ಲ ಮಿಸ್” ಅಂದರು. ಆಗುತ್ತದೆ.

ಹುಡುಗಿಯರಿಗೆ ಏನು ಅಂತ ಬೇರೆಯಾಗಿ ಕೇಳುವವರಿಗೆ ನನ್ನ ಉತ್ತರ, ಮೇಲೆ ಬರೆದದ್ದೇ. ಆದರೂ ಬಟ್ಟೆಯ ಹುಚ್ಚು ಇರುವ ಮಕ್ಕಳಿಗೆ, ಹುಡುಗರಿಗೂ ಸೇರಿ, ಒಂದು ಉಪಾಯ ಇದೆ. ರೆಡಿಮೇಡ್ ಕೊಡಬೇಡಿ. ಮೂರು ಮೀಟರ್ ಕೈಮಗ್ಗದ ಬಟ್ಟೆ ಕೊಡಿ, ಜೊತೆಗೆ ಟೈಲರ್‌ಗೆ ಕೊಡುವ ದುಡ್ಡು. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ‘ಚರಕ’ ಸಂಸ್ಥೆಯ ಹೆಣ್ಣುಮಕ್ಕಳು ನೈಸರ್ಗಿಕ ಬಣ್ಣ ಹಾಕಿದ ಹತ್ತಿ ಬಟ್ಟೆ ಮಾಡುತ್ತಾರೆ. ಅವರ ಬಣ್ಣಗಳಲ್ಲಿ ಅಡಿಕೆ ಚೊಗರಿನದ್ದೂ ಒಂದು. ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಆ ಕೆಂಪು ರಸ, ಅಂಗಿಗೆ ತಾಗಿದರೆ ಅಮ್ಮ ಬೈಯುತ್ತಿದ್ದಳಲ್ಲ, ಅದೇ. ಕಾಲರ್ ಹೇಗಿರಬೇಕು, ಜೇಬು ಎಲ್ಲಿ ಅನ್ನುವುದನ್ನು ಮಕ್ಕಳೇ ಟೈಲರ್ ಹತ್ತಿರ ಹೋಗಿ ಹೇಳಲಿ. ನೀವು ಹೊರಗೆ ನಿಲ್ಲಿ.

ಮನೆಯ ಬೀರುವಿನಲ್ಲಿ ಅಜ್ಜನ ಕೀ ಕೊಡುವ ಎಚ್‌ಎಂಟಿ ವಾಚ್ ಬಿದ್ದಿದ್ದರೆ ನಿಮಗೆ ಖರ್ಚೇ ಇಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ವಾಚ್ ಅದು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಆಯಿತು. ಆದರೆ ನಮ್ಮ ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಕೂರುವ ರಿಪೇರಿಯವರು ಇನ್ನೂ ಇದ್ದಾರೆ. ತೊಳೆಸಿ, ಎಣ್ಣೆ ಹಾಕಿಸಿ ಕೊಡಿ. ದಿನಾ ಬೆಳಗ್ಗೆ ಕೀ ಕೊಡಲು ಮರೆತರೆ ವಾಚ್ ನಿಲ್ಲುತ್ತದೆ. ನಮ್ಮ ಕ್ಲಾಸಿನ ಒಬ್ಬ ಹುಡುಗನ ಕೈಯಲ್ಲಿ ಅಂಥದ್ದು ನೋಡಿದೆ. ಇಂಟರ್ವಲ್‌ನಲ್ಲಿ ಅದನ್ನು ಕಿವಿಗೆ ಹಿಡಿದು ಕೇಳಲು ಉಳಿದವರ ಸಾಲು ನಿಂತಿತ್ತು.

ಈಗ ನನ್ನ ದೊಡ್ಡ ತಪ್ಪಿನ ಕಥೆ. ತಮ್ಮನ ಮಗನಿಗೆ ಗಿಟಾರ್ ಕೊಟ್ಟೆ. ಚೆನ್ನಾಗಿಯೇ ಇತ್ತು. ಆದರೆ ಕಲಿಸುವವರು ಯಾರು, ಫೀಸ್ ಯಾರು ಕೊಡುತ್ತಾರೆ ಅಂತ ನಾನು ಯೋಚಿಸಲೇ ಇಲ್ಲ. ಸ್ಟೀಲ್ ತಂತಿ ಒತ್ತಿ ಒತ್ತಿ ಬೆರಳ ತುದಿ ಕೆಂಪಾಯಿತು. ಹದಿನೈದು ದಿನದಲ್ಲಿ ಒಂದು ತಂತಿ ಹರಿಯಿತು. ಹೊಸದು ಹಾಕಲು ಮನೆಯಲ್ಲಿ ಯಾರಿಗೂ ಬರಲಿಲ್ಲ. ಈಗ ಅದು ಹಾಲ್‌ನ ಗೋಡೆಯ ಮೇಲಿದೆ, ಐದು ತಂತಿಯ ಅಲಂಕಾರ. ತಮ್ಮನ ಹೆಂಡತಿ ಅದರ ಧೂಳು ಒರೆಸುವಾಗ ನನ್ನ ಕಡೆ ನೋಡುವುದಿಲ್ಲ, ಅದು ಅವಳ ದೊಡ್ಡತನ. ಆಮೇಲಿಂದ ನನ್ನ ಬಜೆಟ್ಟನ್ನು ಎರಡು ಪಾಲು ಮಾಡುತ್ತೇನೆ. ಅರ್ಧ ವಸ್ತುವಿಗೆ. ಇನ್ನರ್ಧ ಮುಂದಿನ ಮೂರು ತಿಂಗಳಿಗೆ, ಅಂದರೆ ಫೀಸು, ಇಂಕು, ಬಣ್ಣ, ಬಸ್ ಚಾರ್ಜು.

ಬಸ್ ಚಾರ್ಜು ಅಂದಾಗ ನೆನಪಾಯಿತು. ಹದಿನಾರು ದಾಟಿದವರಿಗೆ ನನಗೆ ಎಲ್ಲಕ್ಕಿಂತ ಇಷ್ಟದ ಉಡುಗೊರೆ ಒಂದು ಲಕೋಟೆ. ಒಳಗೆ ಇಬ್ಬರ ಖರ್ಚಿನ ದುಡ್ಡು, ಜೊತೆಗೆ ಒಂದು ಚೀಟಿ: ‘ನೀನು ಮತ್ತು ನಿನ್ನ ಒಬ್ಬ ಫ್ರೆಂಡ್. ಅಮ್ಮ ಇಲ್ಲ.’ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಜೋಗ. ಲಿಂಗನಮಕ್ಕಿಯಲ್ಲಿ ನೀರು ಹಿಡಿದಿಟ್ಟಿರುವುದರಿಂದ ಡಿಸೆಂಬರ್‌ನಲ್ಲಿ ಜೋಗ ಸೊರಗಿರುತ್ತದೆ. ಅವರಿಗೆ ಅದರ ಚಿಂತೆ ಇಲ್ಲ. ಹೋದವರು ಬಂದು ಹೇಳುವುದು ಜಲಪಾತದ ಕಥೆಯಲ್ಲ, ವಾಪಸ್ ರೈಲು ತಪ್ಪುವುದರಲ್ಲಿತ್ತು ಅನ್ನುವ ಕಥೆ. ನಾಟಕದ ಆಸೆ ಇದ್ದರೆ ನೀನಾಸಂ ತಿರುಗಾಟ ಹತ್ತಿರದ ಊರಿಗೆ ಬಂದಾಗ ಎರಡು ಟಿಕೆಟ್. 1985ರಿಂದ ಊರೂರು ಸುತ್ತುತ್ತಿರುವ ತಂಡ ಅದು. ಈ ಲಕೋಟೆ ಕೊಡುವ ಮೊದಲು ಅಪ್ಪ ಅಮ್ಮನನ್ನು ಒಪ್ಪಿಸಬೇಕು. ಮಕ್ಕಳ ಉಡುಗೊರೆ ಹುಡುಕುವುದಕ್ಕಿಂತ ಅದು ದೊಡ್ಡ ಕೆಲಸ.

ಒಪ್ಪಿಸುವ ಕಷ್ಟ ನನಗೂ ಗೊತ್ತು. ನಮ್ಮ ಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದು ಇಪ್ಪತ್ತು ವರ್ಷ ನನ್ನದೇ ಕೆಲಸವಾಗಿತ್ತು. ಡಿಸೆಂಬರ್ ಮೊದಲ ವಾರ ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸುವುದು, ಹುಲ್ಲಿನ ಮಾಡು, ಬಾಲಯೇಸುವಿನ ತೊಟ್ಟಿಲು, ಯಾವ ಕುರಿ ಎಲ್ಲಿ ನಿಲ್ಲಬೇಕು, ಎಲ್ಲ ನನ್ನ ಲೆಕ್ಕದಲ್ಲೇ. ಕಳೆದ ವರ್ಷ ಮಗನಿಗೆ ಹದಿನೈದು. ಬೊಂಬೆಗಳ ಹಳೇ ಟ್ರಂಕಿನ ಬೀಗದ ಕೈಗೆ ರಿಬ್ಬನ್ ಕಟ್ಟಿ ಕೊಟ್ಟೆ. ಇನ್ನು ಗೋದಲಿ ನಿನ್ನದು, ನಾನು ಬಾಯಿ ಹಾಕುವುದಿಲ್ಲ ಅಂದೆ. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಕೆಲಸದಲ್ಲಿ, ಕಿಡಿಯೊ ಒತ್ತಿ ಕರಿಯುವ ಗಡಿಬಿಡಿಯಲ್ಲಿ ಮೂರು ದಿನ ಆ ಕಡೆ ಹೋಗಲೂ ಇಲ್ಲ.

24ರ ಸಂಜೆ ಕರೆದ. ರಾಗಿ ಪೈರು ನನ್ನದಕ್ಕಿಂತ ಹಸಿರಾಗಿತ್ತು. ಹುಲ್ಲಿನ ಮಾಡಿನ ಬದಲು ಅಡಿಕೆ ಹಾಳೆಯ ಚಪ್ಪರ. ಕುರಿಗಳು ಒಂದೇ ಕಡೆ ಗುಂಪಾಗಿ ನಿಂತಿದ್ದವು. ಅವುಗಳ ಪಕ್ಕ, ಮೂರು ರಾಜರು ಬರುವ ದಾರಿಯಲ್ಲಿ, ಒಂದು ಕೆಂಪು ಬಸ್ಸು. ಅದರ ನೆತ್ತಿಯ ಮೇಲೆ ಅಚ್ಚುಕಟ್ಟಾಗಿ ಬರೆದ ಬೋರ್ಡು: ‘ಶಿವಮೊಗ್ಗ – ಬೆತ್ಲೆಹೇಮ್’.

ನಾನು ಬಾಯಿ ಹಾಕಲಿಲ್ಲ.