ಬರೀ ಕ್ರಿಪ್ಟೋ, ರಾಜಕೀಯ ಇರುವ ಕಡೆ ನಿನಗೇನು ಕೆಲಸ?

"ನೀನು ಬರೆಯೋ ಜಾಗಕ್ಕೆ ಹೋಗಿ ನೋಡಿದೆ ಮಾರಾಯ. ಒಬ್ಬ ಬಿಟ್‌ಕಾಯಿನ್ ಏರುತ್ತೆ ಅಂತಾನೆ, ಇನ್ನೊಬ್ಬ ಸರ್ಕಾರ ಬೀಳುತ್ತೆ ಅಂತಾನೆ. ಅವರಿಬ್ಬರ ಮಧ್ಯೆ ನೀನು 'ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ' ಅಂತ ಬರೆದುಕೊಂಡು ಕೂತಿದ್ದೀಯ. ಅಲ್ಲಿ ನಿನಗೇನು ಕೆಲಸ?"

ಹೆಚ್ಚುಕಡಿಮೆ ಇದೇ ಮಾತನ್ನು ಕೆಲವು ವರ್ಷಗಳಿಂದ ಕೇಳುತ್ತಲೇ ಇದ್ದೇನೆ. ಕೇಳುವವರು ಬೇರೆ ಬೇರೆ, ದನಿ ಒಂದೇ. ಸ್ವಲ್ಪ ಕನಿಕರ, ಸ್ವಲ್ಪ ಅನುಮಾನ. ಯಾವುದೋ ಸ್ಕೀಮಿಗೆ ಬಿದ್ದಿದ್ದಾನೆ, ನಾಳೆ ನಮ್ಮನ್ನೂ ಸೇರಿಸೋಕೆ ಬರ್ತಾನೆ ಅನ್ನುವ ಅನುಮಾನ. ಪ್ರತಿ ಸಲ ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಮೊದಲು 'ಆ ಜಾಗ' ಅಂದರೆ ಏನು ಅಂತ ಹೇಳಬೇಕು. ನಮಗೆಲ್ಲ ಗೊತ್ತಿರುವ ಸೋಶಿಯಲ್ ಮೀಡಿಯಾಗಳಿಗೆ ಒಂದೊಂದು ಕಂಪನಿ ಯಜಮಾನ. ನಮ್ಮ ಅಕೌಂಟ್, ನಮ್ಮ ಮಾತು, ನಮ್ಮ ಗೆಳೆಯರ ಪಟ್ಟಿ ಎಲ್ಲವೂ ಅವರ ಮನೆಯಲ್ಲಿ. ವಿಕೇಂದ್ರೀಕೃತ ಅಂತ ಕರೆಸಿಕೊಳ್ಳುವ ಜಾಗಗಳಲ್ಲಿ ಹಾಗೆ ಒಬ್ಬನೇ ಯಜಮಾನ ಇರಬಾರದು ಅನ್ನುವುದು ಆಸೆ. ಇಮೇಲ್ ನೆನಪಿಸಿಕೊಳ್ಳಿ. ನಿಮ್ಮ ವಿಳಾಸ ಒಂದು ಕಂಪನಿಯದು, ನನ್ನದು ಇನ್ನೊಂದರದು. ಆದರೂ ಕಾಗದ ಹೋಗುತ್ತದೆ, ಬರುತ್ತದೆ. 2016ರಲ್ಲಿ ಶುರುವಾದ ಮ್ಯಾಸ್ಟಡಾನ್ ನಡೆಯುವುದು ಹೀಗೆಯೇ. ಸಾವಿರಾರು ಸರ್ವರ್‌ಗಳು, ಒಂದೊಂದನ್ನು ಒಬ್ಬೊಬ್ಬರು ನಡೆಸುತ್ತಾರೆ, ಒಂದಕ್ಕೊಂದು ಮಾತಾಡುತ್ತವೆ. ನಾಸ್ಟರ್‌ನಲ್ಲಿ ಅಕೌಂಟ್ ಅನ್ನುವುದೇ ಇಲ್ಲ. ಒಂದು ಜೋಡಿ ಕೀ ಇರುತ್ತದೆ, ಒಂದು ಊರಿಗೆಲ್ಲ ತೋರಿಸಲು, ಇನ್ನೊಂದು ಗುಟ್ಟಾಗಿಡಲು. ಹೈವ್‌ನಲ್ಲಿ ಬರೆದದ್ದೆಲ್ಲ ಬ್ಲಾಕ್‌ಚೈನ್ ಮೇಲೆ ಕೂರುತ್ತದೆ, ಅಂದರೆ ಹಲವರ ಬಳಿ ನಕಲಿರುವ, ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕದಲ್ಲಿ. ಬ್ಲೂಸ್ಕೈ 2019ರಲ್ಲಿ ಟ್ವಿಟರ್ ಶುರು ಮಾಡಿದ ಯೋಜನೆ. ಆಮೇಲೆ ಬೇರೆಯಾಗಿ 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ನಾನು ಈ ನಾಲ್ಕೂ ಕಡೆ ಇದ್ದು ನೋಡಿದ್ದೇನೆ. ಜಾಸ್ತಿ ದಿನ ಇದ್ದದ್ದು ಹೈವ್‌ನಲ್ಲಿ.

ಈಗ ಕ್ರಿಪ್ಟೋ ವಿಷಯ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳದ್ದು. ಯಾಕೆ ಅಲ್ಲಿ ಅಷ್ಟೊಂದು ನಾಣ್ಯದ ಮಾತು?

ಸರ್ವರ್ ಸುಮ್ನೆ ಓಡುವುದಿಲ್ಲ. ಯಾರೋ ಬಿಲ್ ಕಟ್ಟಬೇಕು. ದೊಡ್ಡ ಕಂಪನಿಗಳಲ್ಲಿ ಜಾಹೀರಾತು ಕಟ್ಟುತ್ತದೆ, ಅಂದರೆ ನಮ್ಮ ಗಮನ ಕಟ್ಟುತ್ತದೆ. ಜಾಹೀರಾತು ಬೇಡ ಅಂದವರು ಬೇರೆ ದಾರಿ ಹುಡುಕಬೇಕು. ಮ್ಯಾಸ್ಟಡಾನ್‌ನ ಬಹಳಷ್ಟು ಸರ್ವರ್‌ಗಳು ದೇಣಿಗೆಯಲ್ಲಿ ನಡೆಯುತ್ತವೆ. ಹೈವ್ ತನ್ನದೇ ನಾಣ್ಯ ಹುಟ್ಟಿಸಿ ಬರೆದವರಿಗೂ, ಅದಕ್ಕೆ ಓಟು ಹಾಕಿದವರಿಗೂ ಹಂಚುತ್ತದೆ. ನಾಸ್ಟರ್‌ನಲ್ಲಿ ಮೆಚ್ಚಿದ ಪೋಸ್ಟಿಗೆ 'ಝ್ಯಾಪ್' ಕಳಿಸಬಹುದು. ಲೈಟ್ನಿಂಗ್ ಎನ್ನುವ ಜಾಲದ ಮೂಲಕ ಒಂದಷ್ಟು ಸತೋಶಿ ಹೋಗಿ ಬರೆದವರ ಕೈ ಸೇರುತ್ತದೆ. ಒಂದು ಬಿಟ್‌ಕಾಯಿನ್‌ನ 10 ಕೋಟಿಯಲ್ಲಿ ಒಂದು ಪಾಲಿಗೆ ಸತೋಶಿ ಅಂತ ಹೆಸರು. ನಾಣ್ಯದ ಗದ್ದಲದಿಂದ ದೂರ ನಿಂತ ಬ್ಲೂಸ್ಕೈ ಕೂಡ 2024ರಲ್ಲಿ ಬಂಡವಾಳ ಎತ್ತಿದಾಗ ಮುಂದೆ ನಿಂತು ಹಣ ಹಾಕಿದ್ದು ಬ್ಲಾಕ್‌ಚೈನ್ ಕ್ಯಾಪಿಟಲ್ ಎಂಬ ಸಂಸ್ಥೆ. ಹೆಸರಲ್ಲೇ ಇದೆ, ಬಿಡಿ.

ಇನ್ನೊಂದು ಕಾರಣ ಇದೆ. ನನ್ನ ಪ್ರಕಾರ ಅದೇ ದೊಡ್ಡದು. ನಾಸ್ಟರ್, ಹೈವ್‌ನಂಥ ಕಡೆ ಬದುಕಲು ಕೀ ಕಾಯುವ ಅಭ್ಯಾಸ ಬೇಕು. 'ಪಾಸ್‌ವರ್ಡ್ ಮರೆತಿರಾ?' ಅನ್ನುವ ಬಟನ್ ಇರುವುದಿಲ್ಲ. ನಾನು ಇದನ್ನು ಕಲಿತದ್ದು ಕೆಟ್ಟ ರೀತಿಯಲ್ಲಿ. ನಾಸ್ಟರ್‌ಗೆ ಹೊಸತಾಗಿ ಹೋದಾಗ ಗೆಳೆಯರ ಗುಂಪೊಂದರಲ್ಲಿ "ನನ್ನನ್ನು ಇಲ್ಲಿ ಹುಡುಕಿ" ಅಂತ ತೋರಿಸುವ ಕೀ ಬದಲು ಗುಟ್ಟಿನ ಕೀ ಹಾಕಿದೆ. ಎರಡೂ ಉದ್ದನೆಯ ಅಕ್ಷರಮಾಲೆ, ಯಾವುದು ಯಾವುದು ಅಂತ ಗುರುತು ಸಿಗುವುದು ಮೊದಲ ಕೆಲವು ಅಕ್ಷರದಿಂದಷ್ಟೇ. ಹತ್ತು ನಿಮಿಷ ಬಿಟ್ಟು ಒಬ್ಬರು ಮೆಲ್ಲಗೆ ಹೇಳಿದರು. ಆ ಕೀ ಬದಲಾಯಿಸುವಂತಿಲ್ಲ. ಅದೇ ನಾನು. ಆ ನನ್ನನ್ನು ಅಲ್ಲೇ ಬಿಟ್ಟು ಇನ್ನೊಬ್ಬನಾಗಿ ಹುಟ್ಟಬೇಕಾಯಿತು. ಯಾರಿಗೆ ದೂರು ಕೊಡೋಣ? ಯಜಮಾನನೇ ಇಲ್ಲ ಅಂತ ತಾನೇ ಅಲ್ಲಿಗೆ ಹೋದದ್ದು.

ಈ ರಗಳೆಗೆ ಮೊದಲೇ ಒಗ್ಗಿಕೊಂಡವರು ಯಾರು? ಬಿಟ್‌ಕಾಯಿನ್ ಮಂದಿ. ಹೀಗಾಗಿ ಹೊಸ ಬಡಾವಣೆಗೆ ಮೊದಲು ಬಂದು ನೆಲೆಸಿದವರು ಅವರು. ಮೊದಲು ಬಂದವರ ಮಾತೇ ಬೀದಿಯ ಮಾತಾಗುತ್ತದೆ. ಜೊತೆಗೆ, ನಾಣ್ಯ ಕೈಯಲ್ಲಿ ಇಟ್ಟುಕೊಂಡವನಿಗೆ ಅದರ ಗುಣಗಾನ ಮಾಡುವುದರಲ್ಲಿ ಲಾಭವೂ ಇದೆ. ಇದನ್ನು ಮರೆಯದೆ ಓದಬೇಕು, ಅಷ್ಟೆ. "ಇದರಿಂದ ನಿನಗೆ ದುಡ್ಡು ಬಂತಾ?" ಅಂತ ಕೇಳುವವರಿಗೆ: ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ರಾಜಕೀಯವೂ ಹೀಗೇ ಬಂದದ್ದು. ಬಿಟ್‌ಕಾಯಿನ್‌ನ ಮೊದಲ ಬ್ಲಾಕ್ ಹುಟ್ಟಿದ್ದು 2009ರ ಜನವರಿ 3ರಂದು. ಅದರೊಳಗೆ ಆ ದಿನದ 'ದಿ ಟೈಮ್ಸ್' ಪತ್ರಿಕೆಯ ತಲೆಬರಹ ಸೇರಿಸಿದ್ದಾರೆ. ಬ್ರಿಟನ್ನಿನ ಹಣಕಾಸು ಮಂತ್ರಿ ಬ್ಯಾಂಕುಗಳಿಗೆ ಎರಡನೇ ಸಲ ನೆರವು ಕೊಡುವ ಅಂಚಿನಲ್ಲಿದ್ದಾರೆ ಅನ್ನುವ ಸುದ್ದಿ. ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಸರ್ಕಾರಕ್ಕೊಂದು ಚುಚ್ಚು ಮಾತು. 2010ರ ಕೊನೆಗೆ ಪೇಪಾಲ್, ವೀಸಾ, ಮಾಸ್ಟರ್‌ಕಾರ್ಡ್ ಸರ್ಕಾರಗಳ ಗುಟ್ಟಿನ ಕಡತ ಬಯಲಿಗಿಡುವ ವಿಕಿಲೀಕ್ಸ್‌ಗೆ ಹೋಗುವ ದೇಣಿಗೆ ನಿಲ್ಲಿಸಿದವು. ಮರುವರ್ಷ ವಿಕಿಲೀಕ್ಸ್ ಬಿಟ್‌ಕಾಯಿನ್‌ನಲ್ಲಿ ದೇಣಿಗೆ ತೆಗೆದುಕೊಳ್ಳಲು ಶುರು ಮಾಡಿತು. ಅಲ್ಲಿಂದ ನಾಣ್ಯ, ರಾಜಕೀಯ ಈ ಎರಡು ಮಾತು ಬೇರೆಯಾಗಲೇ ಇಲ್ಲ.

ಮಾತಿನ ವಿಷಯದಲ್ಲೂ ಅದೇ ಕಥೆ. ಒಂದು ಕಡೆಯಿಂದ ಹೊರಬಿದ್ದವರು ಇನ್ನೊಂದು ಕಡೆ ಸೇರುತ್ತಾರೆ. ಬಲಪಂಥದವರು ತುಂಬಿದ್ದ ಗ್ಯಾಬ್ ಎನ್ನುವ ಸೈಟ್ 2019ರಲ್ಲಿ ಮ್ಯಾಸ್ಟಡಾನ್‌ನ ಕೋಡ್ ತೆಗೆದುಕೊಂಡು ಬಂತು. ಕೋಡ್ ಎಲ್ಲರಿಗೂ ತೆರೆದದ್ದು, ಬೇಡ ಅನ್ನುವಂತಿಲ್ಲ. ಆದರೆ ಎಷ್ಟೋ ಸರ್ವರ್‌ಗಳು ತಮ್ಮ ಬಾಗಿಲು ಹಾಕಿಕೊಂಡವು. ಟ್ರಂಪ್ ಅವರ ಟ್ರೂತ್ ಸೋಶಿಯಲ್ ಕೂಡ ಅದೇ ಕೋಡ್ ಮೇಲೆ ಕಟ್ಟಿದ್ದು. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಮ್ಯಾಸ್ಟಡಾನ್‌ಗೆ ಹರಿದು ಬಂದವರು ಇನ್ನೊಂದು ಪಂಥದವರು. ಜಗಳ ಆಡಿ ಮನೆ ಬಿಟ್ಟು ಬಂದವರು ಹೊಸ ಮನೆಯಲ್ಲಿ ಏನು ಮಾತಾಡುತ್ತಾರೆ? ಹಳೇ ಮನೆಯ ಜಗಳ.

ಇಷ್ಟು ಹೊರಗಿನ ರಾಜಕೀಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಳಗಿನದು.

ಹೈವ್ ಹುಟ್ಟಿದ ಕಥೆ ಹೇಳುತ್ತೇನೆ. 2016ರಲ್ಲಿ ಸ್ಟೀಮ್ ಅಂತ ಒಂದು ಬ್ಲಾಕ್‌ಚೈನ್ ಶುರುವಾಯಿತು, ಅದರ ಮೇಲೆ ಸ್ಟೀಮಿಟ್ ಎನ್ನುವ ಸೈಟ್. ಅಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ 'ವಿಟ್ನೆಸ್' ಅಂತ ಆರಿಸಿ ಕೂರಿಸುತ್ತಾರೆ. ಮೇಲಿನ 20 ಜನರ ಕೈಯಲ್ಲೇ ನಿಯಮ. ಆದರೆ ಒಬ್ಬರಿಗೊಂದು ಓಟು ಅಲ್ಲ. ತಕ್ಷಣ ಮಾರಲಾಗದಂತೆ ಕಟ್ಟಿಟ್ಟ ನಾಣ್ಯ ಎಷ್ಟೋ ಓಟಿನ ತೂಕ ಅಷ್ಟು. ಶುರುವಿನಲ್ಲೇ ಸ್ಟೀಮಿಟ್ ಕಂಪನಿ ರಾಶಿ ನಾಣ್ಯ ತನ್ನ ಪಾಲಿಗೆ ತೆಗೆದಿಟ್ಟುಕೊಂಡಿತ್ತು. ಅದರಿಂದ ಓಟು ಹಾಕುವುದಿಲ್ಲ, ಬೆಳವಣಿಗೆಗೆ ಮಾತ್ರ ಬಳಸುತ್ತೇವೆ ಅನ್ನುವ ಭರವಸೆಯ ಮೇಲೆ ಜನ ಸುಮ್ಮನಿದ್ದರು.

2020ರ ಫೆಬ್ರವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ನಾಣ್ಯ ಹುಟ್ಟಿಸಿದ ಜಸ್ಟಿನ್ ಸನ್ ಆ ಕಂಪನಿ ಕೊಂಡರು. ರಾಶಿ ಅವರ ಕೈಗೆ ಹೋಯಿತು. ವಿಟ್ನೆಸ್‌ಗಳು ಹೆದರಿದರು. ಸಾಫ್ಟ್‌ವೇರ್ ಬದಲಿಸಿ ಆ ರಾಶಿ ಅಲುಗಾಡದಂತೆ ಕಟ್ಟಿಹಾಕಿದರು. ಒಬ್ಬರು ಹಣ ಕೊಟ್ಟು ಕೊಂಡದ್ದನ್ನು ಹೀಗೆ ಕಟ್ಟಬಹುದಾ ಅಂತ ಕೆಲವರು ಕೇಳಿದರು. ಆ ಪ್ರಶ್ನೆ ತಪ್ಪಲ್ಲ ಅಂತ ನನಗೆ ಈಗಲೂ ಅನಿಸುತ್ತದೆ.

ಮಾರ್ಚ್ 2ರಂದು ತಿರುಗುಬಾಣ ಬಂತು. ಬೈನಾನ್ಸ್, ಹುಓಬಿ, ಪೊಲೊನಿಯೆಕ್ಸ್ ಎಂಬ, ನಾಣ್ಯ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳು ಗ್ರಾಹಕರು ತಮ್ಮಲ್ಲಿ ಇಟ್ಟಿದ್ದ ಸ್ಟೀಮ್ ನಾಣ್ಯವನ್ನೇ ಕಟ್ಟಿಟ್ಟು ಸನ್ ಪರ ಓಟು ಹಾಕಿದವು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೆಲವೇ ಗಂಟೆಗಳಲ್ಲಿ ಮೇಲಿನ 20 ಕುರ್ಚಿಯೂ ಬದಲು. ಹಾಗೆ ಕಟ್ಟಿಟ್ಟ ನಾಣ್ಯ ಪೂರ್ತಿ ಬಿಡಿಸಿಕೊಳ್ಳಲು 13 ವಾರ ಬೇಕು, ಅಂದರೆ ಗ್ರಾಹಕರ ದುಡ್ಡು ಅಷ್ಟು ದಿನ ಸಿಕ್ಕಿಕೊಂಡಿತು. ಗಲಾಟೆ ಜೋರಾದ ಮೇಲೆ ಬೈನಾನ್ಸ್, ಹುಓಬಿ ಓಟು ಹಿಂದೆಗೆದುಕೊಂಡವು. ಅಷ್ಟರಲ್ಲಿ ಮನಸ್ಸು ಒಡೆದಿತ್ತು.

ಮಾರ್ಚ್ 20ರಂದು ಹಳೇ ಗುಂಪಿನವರು ಇಡೀ ಚೈನನ್ನೇ ನಕಲು ಮಾಡಿಕೊಂಡು ಹೊರಟರು. ಎಲ್ಲರ ಅಕೌಂಟ್, ಎಲ್ಲರ ಬರಹ, ಎಲ್ಲರ ಲೆಕ್ಕ. ಕಂಪನಿಯ ರಾಶಿ ಒಂದನ್ನು ಬಿಟ್ಟು. ಅದೇ ಹೈವ್. ಇಷ್ಟೇ ಆಗಿದ್ದರೆ ಒಳ್ಳೆಯವರು ಗೆದ್ದ ಕಥೆ ಅನ್ನಬಹುದಿತ್ತು. ಆದರೆ ಹೊರಡುವಾಗ ಸನ್ ಕಡೆಯ ವಿಟ್ನೆಸ್‌ಗಳಿಗೆ ಓಟು ಹಾಕಿದ್ದ ಕೆಲವು ಸಾಮಾನ್ಯರ ಪಾಲನ್ನೂ ಹಿಡಿದಿಟ್ಟರು. ಮೇ ತಿಂಗಳಲ್ಲಿ ಸ್ಟೀಮ್ ಕಡೆಯವರು ಹಾರ್ಡ್ ಫೋರ್ಕ್ ಮಾಡಿ, ಅಂದರೆ ಚೈನಿನ ನಿಯಮವನ್ನೇ ಬದಲಿಸಿ, ಎದುರು ಪಕ್ಷದ 64 ಅಕೌಂಟ್‌ಗಳ ನಾಣ್ಯ ಕಸಿದರು. ಯಾರೂ ಮುಟ್ಟಲಾಗದ ದುಡ್ಡು ಅಂತ ಹೇಳುತ್ತಿದ್ದವರು ಎರಡೂ ಕಡೆ ಇದ್ದರು. ಎರಡೂ ಕಡೆ ಮುಟ್ಟಿದರು.

ನಾನು ಆ ದಿನಗಳನ್ನು ಸಿನಿಮಾ ನೋಡುವ ಹಾಗೆ ನೋಡಿದೆ. ಯಾರು ಯಾರಿಗೆ ಓಟು ಹಾಕಿದರು, ಯಾವ ಅಕೌಂಟ್‌ನಿಂದ ಎಷ್ಟು ನಾಣ್ಯ ಹೊರಟಿತು ಎಲ್ಲ ಕಣ್ಣೆದುರು. ನಾವು ದಿನಾ ಬಳಸುವ ದೊಡ್ಡ ಸೈಟುಗಳಲ್ಲೂ ಇಂಥ ತೀರ್ಮಾನಗಳು ಆಗುತ್ತವೆ, ಆದರೆ ಮುಚ್ಚಿದ ಕೋಣೆಯಲ್ಲಿ. ಒಂದು ಬೆಳಗ್ಗೆ ಎದ್ದರೆ ಹೆಸರು ಬದಲಾಗಿರುತ್ತದೆ, ನಿಯಮ ಬದಲಾಗಿರುತ್ತದೆ. ಇಲ್ಲಿ ಜಗಳ ಅಂಗಳದಲ್ಲೇ ನಡೆಯುತ್ತದೆ, ಸರಿ ಕಾಣದಿದ್ದರೆ ನಮ್ಮ ಗಂಟುಮೂಟೆ ಸಮೇತ ಹೊರಡಬಹುದು. ಯಾಕೆ ಅಲ್ಲಿದ್ದೀಯ ಅನ್ನುವ ಪ್ರಶ್ನೆಗೆ ನನ್ನ ಅರ್ಧ ಉತ್ತರ ಇದು. ರಾಜಕೀಯ ಇಲ್ಲದ ಜಾಗ ಯಾವುದೂ ಇಲ್ಲ. ನನಗೆ ಕಾಣುವಂತೆ ನಡೆದರೆ ಸಾಕು.

ಹಾಗಂತ ಗಂಟುಮೂಟೆ ಮಾತನ್ನು ಪೂರ್ತಿ ನಂಬಬೇಡಿ. ಮ್ಯಾಸ್ಟಡಾನ್‌ನಲ್ಲಿ ಸರ್ವರ್ ಬದಲಿಸಿದರೆ ಹಿಂಬಾಲಿಸುವವರು ಜೊತೆಗೆ ಬರುತ್ತಾರೆ, ಹಳೇ ಪೋಸ್ಟುಗಳು ಬರುವುದಿಲ್ಲ. ಅಲ್ಲಿ ಕಳಿಸುವ ಖಾಸಗಿ ಮೆಸೇಜನ್ನು ಸರ್ವರ್ ನಡೆಸುವವರು ಬೇಕಾದರೆ ಓದಬಹುದು. ಹೈವ್‌ನಲ್ಲಿ ಅಳಿಸಿದರೂ ಹಳೇ ಬ್ಲಾಕಿನಲ್ಲಿ ಉಳಿಯುತ್ತದೆ. ಸಿಟ್ಟಿನಲ್ಲಿ ಬರೆಯುವವರು ಹುಷಾರು.

ಇನ್ನರ್ಧ ಉತ್ತರ ಆ ನಿದ್ದೆ ಬಾರದ ಪೋಸ್ಟುಗಳದ್ದು.

ಹೈವ್‌ನಲ್ಲಿ ಒಂದು ಪೋಸ್ಟಿಗೆ 7 ದಿನ ಓಟು ಲೆಕ್ಕಕ್ಕೆ ಬರುತ್ತದೆ, ಆಮೇಲೆ ದುಡ್ಡು ಹಂಚಿಕೆ. ಪೋಸ್ಟಿನ ಕೆಳಗೇ ಮೊತ್ತ ಕಾಣುತ್ತದೆ. ಶುರುವಿನಲ್ಲಿ ಖುಷಿಯಾಗುತ್ತಿತ್ತು. ಕೆಲವು ತಿಂಗಳಾದ ಮೇಲೆ ನನ್ನ ಬರಹ ನನಗೇ ವಿಚಿತ್ರವಾಗಿ ಕಂಡಿತು. ದೊಡ್ಡ ರಾಶಿ ಇರುವವರಿಗೆ ಏನು ಇಷ್ಟ ಅಂತ ಗೊತ್ತಾಗಿಬಿಟ್ಟಿತ್ತು. ಹೈವ್ ಬಗ್ಗೆ ಹೈವ್‌ನಲ್ಲಿ ಬರೆದರೆ ಓಟು ಜಾಸ್ತಿ. ಮಳೆ ನಿಂತ ಮೇಲಿನ ಸಂಜೆ ಬಗ್ಗೆ ಬರೆದರೆ ಕಡಿಮೆ. ನಾನೂ ಮಳೆ ಬಿಟ್ಟು ಹೈವ್ ಹಿಡಿದೆ. ಕೆಳಗೆ ಬರುವ ಕಾಮೆಂಟುಗಳೂ ಹಾಗೇ: "ಒಳ್ಳೆಯ ಪೋಸ್ಟ್, ನನ್ನದನ್ನೂ ನೋಡಿ". ಓದಿದ್ದಕ್ಕೆ ಒಂದು ಸಾಕ್ಷಿಯೂ ಇಲ್ಲ. ದಿನದ ಸಣ್ಣ ಮಾತಿಗೆ ಬೆಲೆಪಟ್ಟಿ ಅಂಟಿಸಿದರೆ ಅದು ಸೊರಗುತ್ತದೆ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ಅಲ್ಲೇ ಒಂದು ಆಯ್ಕೆ ಇದೆ, ಈ ಪೋಸ್ಟಿಗೆ ಹಣ ಬೇಡ ಅಂತ. ಒತ್ತಿದೆ. ಓಟುಗಳು ಎಲೆ ಉದುರಿದಂತೆ ಉದುರಿದವು. "ಒಳ್ಳೆಯ ಪೋಸ್ಟ್" ಮಂದಿ ಮಾಯ. ಆಮೇಲೆ ನಾಲ್ಕೈದು ಜನ ಉಳಿದರು. ಅವರು ಓದುತ್ತಾರೆ.

ಅವರಲ್ಲಿ ಒಬ್ಬರು ಇಡೀ ದಿನ ನಾಣ್ಯದ ಚಾರ್ಟ್ ಹಾಕುವವರು. ಕೆಂಪು ಕಡ್ಡಿ, ಹಸಿರು ಕಡ್ಡಿ, ಬಾಣದ ಗುರುತು. ನೀವು ಆ ಜಾಗಕ್ಕೆ ಹೋಗಿ ಮುಖ ಸಿಂಡರಿಸಿದ್ದು ಬಹುಶಃ ಅವರಂಥವರನ್ನು ನೋಡಿಯೇ. ನಾನೂ ಒಮ್ಮೆ ಅವರನ್ನು ಮ್ಯೂಟ್ ಮಾಡಿದ್ದೆ. 'ಬಿಟ್‌ಕಾಯಿನ್' ಪದಕ್ಕೆ ಫಿಲ್ಟರ್ ಹಾಕಿ, ನಾಯಕರ ಹೆಸರಿಗೂ ಹಾಕಿ ನೋಡಿದ್ದೆ. ಫೀಡ್ ಅರ್ಧ ಖಾಲಿಯಾಯಿತು, ಜೊತೆಗೆ ಕೆಲವು ಒಳ್ಳೆಯ ಮಾತುಗಳೂ ಹೋದವು. ತೆಗೆದುಬಿಟ್ಟೆ.

ಆ ನಿದ್ದೆ ಬಾರದ ರಾತ್ರಿಯ ಪೋಸ್ಟಿಗೆ ಬಂದ ಮೊದಲ ಉತ್ತರ ಅವರದೇ. ಉದ್ದ ಬರೆದಿದ್ದರು. ಅಪ್ಪನಿಗೆ ಹುಷಾರಿಲ್ಲ, ರಾತ್ರಿ ಎರಡು ಗಂಟೆಗೊಮ್ಮೆ ಎಬ್ಬಿಸಿ ಮಗ್ಗಲು ಬದಲಿಸಬೇಕು, ನಡುವೆ ಮಲಗಿದರೆ ಏಳಲು ಆಗುವುದಿಲ್ಲ, ಅದಕ್ಕೇ ಎದ್ದಿದ್ದು ಚಾರ್ಟ್ ನೋಡುತ್ತಾ ಕೂರುತ್ತೇನೆ ಅಂತ. ಕಡ್ಡಿಗಳು ಮೇಲೆ ಕೆಳಗೆ ಆಗುತ್ತಿದ್ದರೆ ಹೊತ್ತು ಹೋಗುತ್ತದಂತೆ. ಕೊನೆಯಲ್ಲಿ "ನಿಮಗೂ ನಿದ್ದೆ ಬರದಿದ್ದರೆ ಬನ್ನಿ, ನಾನು ಇಲ್ಲೇ ಇರುತ್ತೇನೆ" ಅಂತ ಬರೆದಿದ್ದರು.

ನಾನು ಆಗಾಗ ಹೋಗುತ್ತೇನೆ. ಚಾರ್ಟ್ ಇವತ್ತಿಗೂ ಅರ್ಥವಾಗಿಲ್ಲ.